ಆನೆಸುದ್ದಿಯ ಗಿರಾಕಿಗಳು

ಅಪರಿಚಿತರ ವಿಡಿಯೊ ಒಂದರಲ್ಲಿ ಉಷಾರಾಣಿ ತನ್ನದೇ ದನಿಯನ್ನು ಕೇಳಿದಾಗ ಬೆಳಗಿನ ಆರು ಐವತ್ತೆರಡು.

ಕಾರಿನೊಳಗಿನಿಂದ ಯಾರೋ ನೇರಪ್ರಸಾರ ಮಾಡುತ್ತಿದ್ದರು. ಗಾಜಿನಾಚೆ ಮಂಜು, ಮಂಜಿನಲ್ಲಿ ಕಾಫಿ ಗಿಡಗಳು, ಸ್ಪೀಕರಿನಲ್ಲಿ ಅವಳ ದನಿ: "ಏಳು ಆನೆಗಳ ಹಿಂಡು, ಜೊತೆಯಲ್ಲಿ ಒಂದು ಮರಿ, ಈಗ ಕೆಳಗಿನ ಕೆರೆಯಲ್ಲಿದೆ. ಲೈನ್‌ಮನೆಯಿಂದ ಆರನೇ ಬ್ಲಾಕಿಗೆ ಹೋಗುವ ದಾರಿ ಖಾಲಿ ಇದೆ."

"ಮರಿ ಇದೆಯಂತೆ ಕಣ್ರೋ! ಡ್ರೋನ್ ತೆಗಿ, ಬೇಗ ತೆಗಿ" ಎಂದಿತು ಒಂದು ಗಂಡುದನಿ. ಉಳಿದವರು ನಕ್ಕರು.

ಉಷಾರಾಣಿ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. ಅದೇ ದಾರಿಯಲ್ಲಿ ಹನ್ನೊಂದು ಹೆಂಗಸರು ಕಾಫಿ ಹಣ್ಣು ಕೊಯ್ಯಲು ಹೊರಟಿದ್ದರು, ಅವಳ ಮಾತನ್ನು ನಂಬಿ.

ಪಾಲಿಬೆಟ್ಟದ ಆಚೆಯ ಹುಲಿಗುಂಡಿ ಎಸ್ಟೇಟಿನ ಕಚೇರಿಯಲ್ಲಿ ಅವಳು ಗುಮಾಸ್ತೆ. ಕಾವಲುಗಾರ ಸಣ್ಣಸ್ವಾಮಿ ಬೆಳಗಿನ ಜಾವ ಅಟ್ಟಣೆಯಿಂದ ಫೋನ್ ಮಾಡಿ ಆನೆಗಳು ಎಲ್ಲಿವೆ ಎಂದು ತಿಳಿಸುತ್ತಿದ್ದ. ಆರು ಗಂಟೆಗೆ ಅವಳು ಅದನ್ನು ಅರ್ಧ ನಿಮಿಷದ ದನಿಸಂದೇಶವಾಗಿಸಿ, ತೋಟದ ಆಳುಗಳು ವಾಸಿಸುವ ಲೈನ್‌ಮನೆಗಳ ಫೋನ್ ಗುಂಪಿಗೆ ಕಳಿಸುತ್ತಿದ್ದಳು. ಮೂರು ವರ್ಷಗಳಲ್ಲಿ ಆ ಸಂದೇಶ ಒಮ್ಮೆಯೂ ಸುಳ್ಳಾಗಿರಲಿಲ್ಲ. ಅದನ್ನು ಕೇಳದೆ ಲೈನಿನ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ.

ಅದನ್ನು ಮಾರಬಹುದೆಂದು ಮೊದಲು ಕಂಡುಕೊಂಡವನು ಸುಂಟಿಕೊಪ್ಪದ ಚೇತನ್‌ಕುಮಾರ್, ಅವಳ ಚಿಕ್ಕಮ್ಮನ ಮಗ. ಆನ್‌ಲೈನಿನಲ್ಲಿ ಮಾರುವ ವಿದ್ಯೆಯನ್ನು ಆನ್‌ಲೈನಿನಲ್ಲೇ ಕಲಿತವನು.

"ಅಕ್ಕಾ, ಇದನ್ನ ಪುಕ್ಸಟ್ಟೆ ಹಂಚ್ತಾ ಇದ್ದೀಯಲ್ಲ! ಗೋಡೌನ್ ಬೇಡ, ಲಾರಿ ಬೇಡ. ಒಂದ್ಸಲ ರೆಕಾರ್ಡ್ ಮಾಡಿದ್ರೆ ಸಾವ್ರ ಜನಕ್ಕೆ ಮಾರ್ಬೋದು."

"ಲೈನಿನವ್ರ ಹತ್ರ ನಾನು ದುಡ್ಡು ಇಸ್ಕೊಳಲ್ಲ."

"ಅವ್ರಿಗೆ ಪುಕ್ಸಟ್ಟೆನೇ ಇರ್ಲಿ. ಹೊರಗಿನವ್ರು ಕೊಡೋ ದುಡ್ಡಲ್ಲಿ ತೆಂಕಲ ಇಳಿಜಾರಿಗೆ ಇನ್ನೊಬ್ಬ ವಾಚರ್‌ನ ಇಡು. ಸಣ್ಣಸ್ವಾಮಿಗೆ ಆ ಕಡೆ ಕಾಣಲ್ಲ ಅಂತ ನೀನೇ ತಾನೆ ಅಳ್ತಿದ್ದೆ?"

ಆ ಮಾತಿಗೆ ಅವಳು ಸೋತಳು.

ಮೊದಲ ಜಾಹೀರಾತಿನಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ತೋಟದ ದಾರಿಯಲ್ಲಿ ನಡೆಯುವ ಹೆಂಗಸೊಬ್ಬಳ ಚಿತ್ರವಿತ್ತು. ಹತ್ತು ಕಿಲೋಮೀಟರ್ ಸುತ್ತಳತೆಯವರಿಗೆ ಮಾತ್ರ ಅದು ಕಾಣುವಂತೆ ಚೇತನ್ ಹೊಂದಿಸಿದ್ದ. ಶಾಲೆಯ ವ್ಯಾನು ಓಡಿಸುವವರು, ಹಾಲಿನವರು, ನೆರೆಯ ತೋಟದವರು ಎಂದು ಒಂದು ತಿಂಗಳಲ್ಲಿ ಅರವತ್ತೆರಡು ಮಂದಿ ಚಂದಾದಾರರಾದರು. ಅವನಿಗೆ ಅದು ಸಾಲಲಿಲ್ಲ. ಹೆಂಗಸಿನ ಚಿತ್ರ ತೆಗೆದು ನೀರಾಡುವ ಮರಿಯಾನೆಯ ಚಿತ್ರ ಹಾಕಿದ. ಸುತ್ತಳತೆಯನ್ನು ಅಳಿಸಿ, ವನ್ಯಜೀವಿ, ಛಾಯಾಗ್ರಹಣ, ಹೋಂಸ್ಟೇ ಎಂದು ಹುಡುಕುವವರನ್ನು ಆರಿಸಿದ. ಎರಡೇ ವಾರದಲ್ಲಿ ಸಾವಿರದ ನೂರು ಮಂದಿ ಬಂದರು.

"ಸರಿಯಾದ ಗಿರಾಕಿಗಳು ಸಿಕ್ಕಿದ್ರು ಅಕ್ಕಾ!"

ಹೊಸ ಗಿರಾಕಿಗಳು ಪ್ರಶ್ನೆ ಕೇಳುತ್ತಿದ್ದರು. ರಸ್ತೆಯಿಂದ ಕಾಣುತ್ತದೆಯೇ? ಕಾರು ಎಲ್ಲಿಯವರೆಗೆ ಹೋಗುತ್ತದೆ? ಹಾಲಿನವನು ಇಂಥದ್ದನ್ನು ಎಂದೂ ಕೇಳಿರಲಿಲ್ಲ.

"ಇವ್ರು ಆನೆಯಿಂದ ತಪ್ಪಿಸ್ಕೊಳ್ಳೋಕೆ ಕೇಳ್ತಿಲ್ಲ ಕಣೋ. ಆನೆ ಹತ್ರ ಹೋಗೋಕೆ ಕೇಳ್ತಿದ್ದಾರೆ."

"ಯಾಕೆ ಕೇಳಿದ್ರೆ ನಮ್ಗೇನು? ಚಂದಾ ಕಟ್ಟಿದ್ದಾರೆ."

ಆ ಹೊತ್ತಿಗೆ ತೆಂಕಲ ಇಳಿಜಾರಿಗೆ ಹೊಸ ವಾಚರ್ ಬಂದಾಗಿತ್ತು. ಅವನ ಸಂಬಳ ಆ ಚಂದಾದಿಂದಲೇ ಬರುತ್ತಿತ್ತು. ಒಂದೇ ಸಂದೇಶ ಲೈನಿನವರಿಗೂ ಹೋಗುತ್ತಿತ್ತು, ಹೊಸ ಗಿರಾಕಿಗಳಿಗೂ ಹೋಗುತ್ತಿತ್ತು.

ಇಂದು ಬೆಳಿಗ್ಗೆ ಕಚೇರಿಯ ಮುಂದೆ ಹಾದುಹೋಗುವಾಗ ಲಿಂಗಮ್ಮ ಮೆಟ್ಟಿಲ ಬಳಿ ನಿಂತಿದ್ದಳು. ಹಣ್ಣು ಕೊಯ್ಯುವ ಹೆಂಗಸರಲ್ಲಿ ಹಿರಿಯಳು. ಮೂವತ್ತು ವರ್ಷದ ಹಿಂದೆ ಹಾಸನದ ಕಡೆಯಿಂದ ಮದುವೆಯಾಗಿ ಬಂದವಳು.

"ಏನ್ ಉಷಮ್ಮ, ನಿಮ್ ಆನೆಗೋಳು ಇವತ್ ಎಲ್ಲಿ ಮೀಯಕ್ ಹೋಗವೆ?"

"ಕೆಳಗಿನ ಕೆರೆಗೆ. ಸಂದೇಶ ಕೇಳ್ಲಿಲ್ವಾ ಲಿಂಗಮ್ಮ?"

"ಕೇಳ್ದೆ, ಕೇಳ್ದೆ. ಬಾಯಲ್ಲೂ ಒಂದ್ಸಲ ಹೇಳಿಸ್ಕೊಂಡ್ರೆ ಧೈರ್ಯ. ನಮ್ಮನೆಯವ್ರ ಮಾತ್ ನಂಬ್ದಿದ್ರೂ ನಿಮ್ ಮಾತ್ ನಂಬ್ತೀನಿ ಕಣವ್ವ."

"ಅವ್ರಿಗೆ ಹೇಳ್ಲಾ?"

"ಹೇಳಿ! ಇವತ್ತು ಅನ್ನ ಅವ್ರೇ ಮಾಡ್ಕೊಳ್ಳಿ." ನಗುತ್ತ ಹೋಗಿದ್ದಳು.

ಈಗ, ಆ ವಿಡಿಯೊ ಕಂಡ ಮೇಲೆ, ಉಷಾರಾಣಿ ಅವಳಿಗೆ ಫೋನ್ ಮಾಡಿದಳು. ವ್ಯಾಪ್ತಿಯ ಹೊರಗೆ. ಆರನೇ ಬ್ಲಾಕಿನ ದಾರಿಯುದ್ದಕ್ಕೂ ಸಿಗ್ನಲ್ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆದರೂ ಮೂರು ಬಾರಿ ಒತ್ತಿದಳು. ಕೊನೆಗೆ ಸಣ್ಣಸ್ವಾಮಿಗೆ ಮಾಡಿದಳು.

"ನಾನೇ ಮಾಡೋನಿದ್ದೆ ಮೇಡಂ," ಅವನು ಪಿಸುಗುಟ್ಟಿದ. "ಕೆರೆ ಏರಿ ಮೇಲೆ ಮೂರು ಕಾರು. ಆಕಾಶದಲ್ಲಿ ಅದೇನೋ ಜೇನುಹುಳದ ಥರ ಗುಂಯ್ ಅಂತೈತೆ. ಹಿಂಡು ನೀರಿಂದ ಎದ್ದು ಬಿಡ್ತು."

"ಯಾವ ಕಡೆಗೆ?"

"ಮೇಲಕ್ಕೆ."

ಕೆರೆಯಿಂದ ಮೇಲಕ್ಕೆ ಹತ್ತಿದರೆ ಸಿಗುವುದು ಹೆಂಗಸರು ಹೋಗಿದ್ದ ದಾರಿಯೇ.

ಅವಳು ಸ್ಕೂಟರ್ ಹೊರಡಿಸಿದಳು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ದಾಟಿ, ಕವಲಿನ ಬಳಿ ಬಂದಾಗ ಮಂಜು ಇನ್ನೂ ದಟ್ಟವಾಯಿತು. ಹಾರ್ನ್ ಒತ್ತಲು ಹೋದ ಹೆಬ್ಬೆರಳು ಅಲ್ಲೇ ನಿಂತಿತು. ಹಾರ್ನ್ ಕೇಳಿದರೆ ಹೆಂಗಸರು ಎಚ್ಚರಗೊಳ್ಳಬಹುದು. ಬೆದರಿದ ಹಿಂಡು ಅವರ ಮೇಲೇ ತಿರುಗಲೂಬಹುದು. ಕೂಗಿದರೂ ಅಷ್ಟೇ. ಎಂಜಿನ್ ಆರಿಸಿ ಕಿವಿಗೊಟ್ಟಳು.

ಮೊದಲು ಏನೂ ಇಲ್ಲ. ಆಮೇಲೆ ಕೆಳಗೆ ಎಲ್ಲೋ ಕೊಂಬೆ ಮುರಿದ ಸದ್ದು. ಇನ್ನೊಂದು, ಹತ್ತಿರದಲ್ಲಿ. ತಾಯಾನೆಯ ಒಂದೇ ಒಂದು ಘೀಳು. ಅದರ ಹಿಂದೆಯೇ ಹೆಂಗಸರ ಕಿರುಚಾಟ.

ಮಂಜಿನಿಂದ ಒಬ್ಬೊಬ್ಬರಾಗಿ ಓಡಿಬಂದರು. ಚಪ್ಪಲಿ ಇರಲಿಲ್ಲ, ತಲೆಯ ಬಟ್ಟೆ ಇರಲಿಲ್ಲ. ಉಷಾರಾಣಿ ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು.

"ಲಿಂಗಮ್ಮ ಎಲ್ಲಿ?"

ಸರೋಜ ಎಂಬಾಕೆ, ಏದುಸಿರು ಬಿಡುತ್ತ, ಅವಳನ್ನೇ ದಿಟ್ಟಿಸಿ ಕೇಳಿದಳು: "ದಾರಿ ಖಾಲಿ ಅಂದ್ರಲ್ಲ?"

ಎಂಟು ಗಂಟೆಗೆ ಲಿಂಗಮ್ಮ ಸಿಕ್ಕಿದಳು, ಉಸಿರಿಲ್ಲದೆ, ಕರಿಮೆಣಸಿನ ಬಳ್ಳಿ ಹಬ್ಬಿದ ಮರವೊಂದರ ಬುಡದಲ್ಲಿ. ಚೀಲ ಸೊಂಟಕ್ಕೆ ಕಟ್ಟಿದಂತೆಯೇ ಇತ್ತು. ಅದಕ್ಕೆ ಇನ್ನೂ ಒಂದು ಹಣ್ಣೂ ಬಿದ್ದಿರಲಿಲ್ಲ.

ಸಂಜೆ ಚೇತನ್‌ಕುಮಾರ್ ಬಂದ. ಬಾಗಿಲ ಹೊರಗೇ ನಿಂತ.

"ಅಕ್ಕಾ, ನಾವು ಹೇಳಿದ್ದು ತಪ್ಪಲ್ಲ. ಆರು ಗಂಟೆಗೆ ದಾರಿ ಖಾಲಿನೇ ಇತ್ತು."

ಅದು ದಿಟವಾಗಿತ್ತು. ಹೇಳಿದಾಗ ಮಾತು ನಿಜವೇ ಆಗಿತ್ತು. ಕೊಂಡವರು ಅದನ್ನು ಸುಳ್ಳು ಮಾಡಿದ್ದರು. ಕೊಳ್ಳುವವರನ್ನು ಕರೆತಂದವರು ಯಾರು ಎಂದು ಅವಳು ಅವನನ್ನು ಕೇಳಲಿಲ್ಲ, ಆ ಪ್ರಶ್ನೆ ತನಗೂ ತಾಕುತ್ತಿತ್ತು.

"ಎಷ್ಟು ಜನ ಇದ್ದಾರೆ ಈಗ?"

ಅವನು ತಲೆ ತಗ್ಗಿಸಿದ. "ವಿಡಿಯೊ ಎಲ್ಲಾ ಕಡೆ ಹೋಯ್ತಲ್ಲ... ಮಧ್ಯಾಹ್ನದಿಂದ ಇನ್ನೂ ನಾನೂರು ಜನ ಸೇರಿದ್ದಾರೆ."

"ಅದನ್ನ ಮುಚ್ಚಿಬಿಡು."

"ಸರಿಯಾದ ಗಿರಾಕಿ ಅಂದ್ರೆ ದುಡ್ಡು ಕೊಡೋನು ಅಂತ ಕಲ್ಸಿದ್ರು ನನ್ಗೆ. ಇನ್ನೇನೂ ಹೇಳ್ಕೊಡ್ಲಿಲ್ಲ ಅಕ್ಕಾ." ಅವನು ಫೋನ್ ತೆಗೆದ. ಜಾಹೀರಾತು, ಚಂದಾದಾರರ ಪಟ್ಟಿ, ಎಲ್ಲವನ್ನೂ ಅವಳ ಕಣ್ಣೆದುರೇ ಅಳಿಸಿದ.

ಮಾರುವುದು ನಿಂತಿತು, ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಸಣ್ಣಸ್ವಾಮಿ ಕಚೇರಿಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ಹೇಳಿದ:

"ಆ ಕಾರಿನವ್ರು ನಮ್ ನಂಬರ್ ಹುಡುಕ್ಕೊಂಡ್ ಬಂದಿದ್ರು ಮೇಡಂ. ಆನೆ ಎಲ್ಲೈತೆ ಅಂತ ಸೀದಾ ನಮಗೇ ಕೇಳ್ತಾರೆ. ನಾ ಬಯ್ದು ಕಳಿಸ್ದೆ."

"ಒಳ್ಳೇದು."

"ನಾ ಕಳಿಸ್ದೆ. ತೆಂಕಲ ಕಡೆ ಹೊಸಬ ಕಳಿಸ್ಲಿಲ್ಲ. ದಿನಾ ಹೇಳ್ತಾನಂತೆ, ದುಡ್ಡಿಗೆ ಮಾತಾಗೈತೆ. ಲೈನಲ್ಲೂ ಇಬ್ಬರ್‌ನ ಕೇಳವ್ರೆ, ನಿಮ್ ಸಂದೇಶನ ಅವ್ರಿಗೆ ದಾಟಿಸಕ್ಕೆ."

ಹೊಸಬನನ್ನು ಅವಳು ಅಂದೇ ಕೆಲಸದಿಂದ ಬಿಡಿಸಿದಳು. ತೆಂಕಲ ಇಳಿಜಾರು ಮೊದಲಿನಂತೆ ಕುರುಡಾಯಿತು. ಲೈನಿನ ಆ ಇಬ್ಬರು ಯಾರೆಂದು ಸಣ್ಣಸ್ವಾಮಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹೆಂಗಸರು ಮತ್ತೆ ಕೊಯ್ಲಿಗೆ ಹೊರಡಬೇಕಿತ್ತು. ಐದೂವರೆಗೆ ಸಣ್ಣಸ್ವಾಮಿಯ ಫೋನ್ ಬಂತು. ಹಿಂಡು ಇರುವ ಜಾಗ ಹೇಳಿದ. ಅವಳು ರೆಕಾರ್ಡ್ ಗುಂಡಿಯ ಮೇಲೆ ಬೆರಳಿಟ್ಟಳು. ಹೇಳಿದರೆ ಲೈನಿನ ಆ ಇಬ್ಬರ ಮೂಲಕ ಮಾತು ಕಾರಿನವರಿಗೆ ತಲುಪುತ್ತದೆ, ಹಿಂಡು ಮತ್ತೆ ಕದಲುತ್ತದೆ. ಹೇಳದಿದ್ದರೆ ಹತ್ತು ಹೆಂಗಸರು ಏನೂ ತಿಳಿಯದೆ ಮಂಜಿನೊಳಗೆ ನಡೆಯುತ್ತಾರೆ. ಆರು ಗಂಟೆಯಾಯಿತು. ಆರು ಹತ್ತಾಯಿತು. ಗುಂಪಿಗೆ ಏನೂ ಹೋಗಲಿಲ್ಲ.

ಏಳಕ್ಕೆ ಅವಳು ಲೈನ್‌ಮನೆಗಳ ಮುಂದೆ ನಿಂತಿದ್ದಳು.

"ಇವತ್ತು ಎಲ್ಲೈತೆ?" ಸರೋಜ ಕೇಳಿದಳು.

"ಹೇಳಲ್ಲ. ನಾನು ಮುಂದೆ ನಡೀತೀನಿ, ಹಿಂದೆ ಬನ್ನಿ."

"ಹೇಳದೆ ಹೆಂಗಮ್ಮ ಬರೋದು?"

ಅವಳು ತಿರುಗಿ, ಮೇಲಿನ ಸುತ್ತುದಾರಿ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ತರಗೆಲೆ ತುಳಿಯುವ ಸದ್ದು ಕೇಳಿತು. ಹೆಂಗಸರು ಬರುತ್ತಿದ್ದರು, ಐವತ್ತು ಹೆಜ್ಜೆ ದೂರದಲ್ಲಿ. ಅವಳು ನಿಂತರೆ ಅವರೂ ನಿಲ್ಲುತ್ತಿದ್ದರು. ಅವಳು ನಡೆದರೆ, ಮೊದಲು ಅವಳು ಮುಂದಿನ ತಿರುವನ್ನು ದಾಟಲಿ ಎಂದು ಕಾದು, ಏನೂ ಆಗದಿದ್ದುದನ್ನು ನೋಡಿ, ಅನಂತರ ಹೆಜ್ಜೆ ಇಡುತ್ತಿದ್ದರು.