ಇಪ್ಪತ್ತಾರು ಡಿಗ್ರಿ

ಮುರಳಿಮೋಹನ್ ಸುಗಟೂರಿಗೆ ಬಂದದ್ದು ನಮ್ಮ ಹಿಪ್ಪುನೇರಳೆ ತೋಟ ಕಟಾವಾದ ಮರುದಿನ. ಮಾಲೂರಿನ ಯಾವುದೋ ಹೊಸ ಕಂಪನಿಯ ಎಂಜಿನಿಯರ್. ರೇಷ್ಮೆ ಹುಳು ಮನೆಯಲ್ಲಿ ಒಂದು ಡಬ್ಬಿ, ತೋಟದಾಚೆ ನಮ್ಮ ತಾರಸಿಯ ಮೇಲೆ ಒಂದು ಆಂಟೆನಾ ಕೂರಿಸಿದ. ಹುಳು ಮನೆಯ ಶಾಖ ದೊಡ್ಡಮ್ಮ ಆಂಜಿನಮ್ಮನ ಫೋನಿನಲ್ಲಿ ಕಾಣುತ್ತದೆ, ಹೆಚ್ಚಾದರೆ ಫೋನೇ ಕೂಗುತ್ತದೆ ಎಂದ. ಸಂದೇಶವನ್ನು ಒಂದೇ ತರಂಗಾಂತರದಲ್ಲಿ ಕಳಿಸದೆ ಅಗಲವಾಗಿ ಹರಡುತ್ತೇವೆ, ಒಂದು ಕಡೆ ಕ್ಷೀಣಿಸಿದರೂ ಮಿಕ್ಕ ಕಡೆಯಿಂದ ತಲುಪಿಯೇ ತೀರುತ್ತದೆ ಎಂದು ಪ್ರಸಾದ ಹಂಚುವವನ ಗತ್ತಿನಲ್ಲಿ ವಿವರಿಸಿದ. ಬೋಳು ತೋಟದ ಮೇಲೆ ಎಲ್ಲವೂ ತಲುಪಿತು. ಫೋಟೊ ತೆಗೆಸಿಕೊಂಡ.

ಅದನ್ನೇ ಓದಿದ್ದ ನಾನು, ಸೊಪ್ಪು ಆಳೆತ್ತರ ಬೆಳೆದಾಗ ಇನ್ನೊಮ್ಮೆ ಪರೀಕ್ಷಿಸಿ ಎಂದೆ. ನೀರು ಕುಡಿದ ಎಲೆ, ಎಷ್ಟು ಹರಡಿ ಕಳಿಸಿದರೂ ಅಷ್ಟನ್ನೂ ನುಂಗಬಲ್ಲದು. ಅವನು ನನ್ನ ಹೆಗಲು ತಟ್ಟಿ, ಕೆಲಸ ಸಿಕ್ಕಿತೇ ಎಂದು ವಿಚಾರಿಸಿದ.

ಹುಳುಗಳಿರುವುದು ತೋಟ ತುಂಬಿದಾಗ. ಬೋಳು ತೋಟದಲ್ಲಿ ಗೆದ್ದ ಯಂತ್ರ ಖಾಲಿ ಮನೆಯನ್ನು ಕಾಯಬಲ್ಲದು, ಅಷ್ಟೆ.

ತೋಟ ಮತ್ತೆ ಆಳೆತ್ತರ ಬೆಳೆದಿತ್ತು. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದವು. ನಾನು ಕೋಲಾರದಿಂದ ಬಸ್ಸಿಳಿದು ಬಂದಾಗ ಸುಡುಬಿಸಿಲು. ದಿನವೂ ಮಧ್ಯಾಹ್ನ ಹುಳು ಮನೆಯ ಕಿಟಕಿ ತೆರೆದು ತಂಪಿಗೆ ಗೋಣಿತಾಟು ನೆನೆಸುತ್ತಿದ್ದ ದೊಡ್ಡಮ್ಮ ಜಗಲಿಯ ಮೇಲೆ ಕುಳಿತಿದ್ದಳು. ಫೋನಿನಲ್ಲಿ ಇಪ್ಪತ್ತಾರು ಡಿಗ್ರಿ.

“ಬೆಳಿಗ್ಗೆ ಎಷ್ಟಿತ್ತು?”

“ಆಗ್ಲೂ ಇಪ್ಪತ್ತಾರೇ ಕಣೋ. ಒಳ್ಳೆ ಡಬ್ಬ.”

ಸಂದೇಶ ನಿಂತುಹೋದರೆ ಕೊನೆಯ ಅಂಕಿಯನ್ನೇ ತೋರಿಸುತ್ತಿರುವಂತೆ ಆ ಮಹಾನುಭಾವ ಮಾಡಿಟ್ಟಿದ್ದ. ಮೌನವನ್ನು ಕ್ಷೇಮಸಮಾಚಾರವೆಂದು ಓದುವ ಯಂತ್ರ.

ಓಡಿಹೋಗಿ ಹುಳು ಮನೆಯ ಬಾಗಿಲು ತೆರೆದೆ. ಬಿಸಿ ಮುಖಕ್ಕೆ ಹೊಡೆಯಿತು. ಸಾವಿರಾರು ಹುಳುಗಳು ಸೊಪ್ಪು ಮೇಯುವಾಗ ಸೋನೆಮಳೆಯ ಸದ್ದಿರುತ್ತದೆ. ಒಳಗೆ ಅದು ಇರಲಿಲ್ಲ.

ಹಿಂದೆಯೇ ಬಂದ ದೊಡ್ಡಮ್ಮ ಕಿಟಕಿ ತೆರೆದು ಗೋಣಿತಾಟು ನೆನೆಸಿದಳು. ಸಂಜೆಗೆ ಕಿಟಕಿ ಬದಿಯ ತಟ್ಟೆಗಳಲ್ಲಿ ಸದ್ದು ಮೆಲ್ಲಗೆ ಎದ್ದಿತು. ಒಳಸಾಲಿನಲ್ಲಿ ಏಳಲೇ ಇಲ್ಲ.

ಫೋನ್ ಮಾಡಿದೆ. ಸಿಸ್ಟಮ್ ಸರಿಯಾಗಿಯೇ ಇದೆ, ನಿಮ್ಮ ತೋಟವೇ ಅಡ್ಡಿ, ಸೊಪ್ಪು ಕೊಯ್ಸಿಬಿಡಿ ಎಂದ ಮುರಳಿಮೋಹನ್.

ದೊಡ್ಡಮ್ಮ ಫೋನ್ ಕಸಿದುಕೊಂಡಳು. “ಸೊಪ್ಪೆಲ್ಲಾ ಕೊಯ್ಸಿದ್ರೆ ಹುಳ ಏನ್ ತಿನ್ತವಪ್ಪಾ, ನಿನ್ ಡಬ್ಬಾನಾ?”

ಅವಳು ಫೋನನ್ನು ಕಿಟಕಿಯಲ್ಲಿಟ್ಟು ಒಳಸಾಲಿನ ತಟ್ಟೆಗಳನ್ನು ಒಂದೊಂದಾಗಿ ಇಳಿಸತೊಡಗಿದಳು.