ಪೀಪಿ ಊದಿದ ವೇಪ್

ಆ ಶನಿವಾರ ಮಧ್ಯಾಹ್ನ ನಾನು ತಡವಾಗಿ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ವಾರದಿಂದ ಈ ವಿಭೂತಿಗೆ ಮಾವಿನಹಣ್ಣಿನ ವಾಸನೆ ಯಾಕೆ ಎಂದು ಯೋಚಿಸುತ್ತಿದ್ದೆ. ಅವ್ವ ಪಾರ್ಸೆಲ್ಲಿನಲ್ಲಿ ಮಾವಿನ ಹಪ್ಪಳದ ಜೊತೆ ಕಟ್ಟಿ ಕಳಿಸಿದ್ದಕ್ಕೇ ಇರಬೇಕು ಎಂದು ತೀರ್ಪು ಕೊಡುವಷ್ಟರಲ್ಲಿ ನನ್ನ ರೂಮ್‌ಮೇಟ್ ಜೇಸನ್ ಖಳನಾಯಕನ ಹಾಗೆ ಬಾಗಿಲು ಒದ್ದು ಒಳಗೆ ಬಂದ. ಕೈಯಲ್ಲಿ ಪಿಸ್ತೂಲು ಇರಲಿಲ್ಲ, ಬ್ಯಾಟರಿಯ ಮೇಲೆ ನಡೆಯುವ ಇ-ಸಿಗರೇಟು, ವೇಪ್ ಇತ್ತು.

"ಎಂತ ಮಾಡಿದ್ದು ಮಾರಾಯ ಇದಕ್ಕೆ? ಸತ್ಯ ಹೇಳು."

ಬಾಯಿಗಿಟ್ಟು ಎಳೆದ. ಸೊಳ್ಳೆಯ ಕೈಗೆ ಮೈಕು ಕೊಟ್ಟಂತೆ ಅದು 'ಕುಂಯ್ಯ್' ಎಂದಿತು.

"ನಾ ಏನೂ ಮಾಡಿಲ್ಲಲೇ! ನಾ ಮಾಡಿದ್ರ ಇಷ್ಟು ಸಣ್ಣ ಸೌಂಡ್ ಬರ್ತಿತ್ತೇನು? ನನ್ನ ರೇಂಜ್ ನಿನಗ ಗೊತ್ತಿಲ್ಲ?"

ಅವನು ನಂಬಲಿಲ್ಲ. ಅವನ ಅಮ್ಮ ಸೆಲಿನ್ ಆಂಟಿಯ ಬೈಗುಳವನ್ನು ರೆಕಾರ್ಡ್ ಮಾಡಿ ಅವನ ಅಲಾರಂಗೆ ಹಾಕಿದ್ದವನು ನಾನೇ. ಜರ್ಮನಿಯ ರೆನ್ನಿಂಗೆನ್ನಿನಲ್ಲಿ, ಇಲ್ಲಿಯವರು ವೋನುಂಗ್ ಎನ್ನುವ ನಮ್ಮ ಈ ಫ್ಲ್ಯಾಟಿನಲ್ಲಿ ಏನೇ ಕೆಟ್ಟರೂ ಮೊದಲ ಆರೋಪಿ ಗದಗಿನ ಸುನಿಲಕುಮಾರ, ಅಂದರೆ ನಾನು.

ಆದರೆ ಈ ಸಲದ್ದು ತಮಾಷೆಯಾಗಿರಲಿಲ್ಲ. ಜೇಸನ್ ಸಿಗರೇಟು ಬಿಟ್ಟು ವೇಪ್ ಹಿಡಿದದ್ದು ಅವನ ಹುಡುಗಿ ಶ್ಯಾರನ್‌ಗಾಗಿ. ಅವಳು ಹೈಡೆಲ್‌ಬರ್ಗ್‌ನಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳ ಅಪ್ಪ ಆಲ್ಫೋನ್ಸ್ ಅಂಕಲ್ ಮಂಗಳೂರಿನಲ್ಲಿ ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು ಕೂತಿದ್ದಾರೆ, ಸಿಗರೇಟಿನ ಕೃಪೆ. "ಮನೆಯಲ್ಲಿ ಒಂದು ಕೆಮ್ಮು ಕೇಳಿ ಬೆಳೆದದ್ದು ಸಾಕು. ಇನ್ನೊಮ್ಮೆ ನಿನ್ನ ಹತ್ತಿರ ಆ ವಾಸನೆ ಬಂದ್ರೆ ಮದುವೆ ಇಲ್ಲ" ಅಂದಿದ್ದಳು. ಕ್ರಿಸ್‌ಮಸ್ಸಿಗೆ ಮುಂಚೆ ವೇಪನ್ನೂ ಬಿಡಬೇಕೆಂಬ ಒಪ್ಪಂದ. ಆ ಸಂಜೆಯ ಎಸ್-ಬಾನ್ ರೈಲಿಗೆ ಅವಳು ಬರುವವಳಿದ್ದಳು.

ಸದ್ದು ಶುರುವಾದ ಮೇಲೆ ಬ್ಯಾಟರಿ ಸಿಡಿದೀತೆಂದು ಜೇಸನ್ ವೇಪ್ ಎಳೆಯಲು ಹೆದರುತ್ತಿದ್ದ. ಬೆಳಿಗ್ಗೆಯಿಂದ ಚಟ ತಡೆಯಲಾಗದೆ ಮನೆಯೊಳಗೆ ಅತ್ತಿಂದಿತ್ತ ಅಲೆಯುತ್ತಿದ್ದ. ಈಗ ಜಾಕೆಟ್ ಬೇರೆ ಹಾಕಿಕೊಂಡ.

"ಎಲ್ಲಿಗೆ ಹೊಂಟಿ?"

"ಹಾಲು ತರ್ಲಿಕ್ಕೆ."

"ಫ್ರಿಜ್ಜಿನ್ಯಾಗ ಐತಿ."

"ಹಾಗಾದ್ರೆ ಗಾಳಿ ತಿನ್ಲಿಕ್ಕೆ."

"ಗಾಳಿ ತಿನ್ನಾಕ ಚಿಲ್ಲರೆ ಯಾಕ ಬೇಕು ಮಗಾ? ಜೇಬು ಝಣಝಣ ಅನ್ನಾಕತ್ತೈತಿ."

ನಮ್ಮ ಬೀದಿಯ ಮೂಲೆಯಲ್ಲಿ ಸಿಗರೇಟಿನ ಆಟೊಮಾಟ್ ಗೋಡೆಗೆ ಅಂಟಿಕೊಂಡಿದೆ. ಕಾಸು ಹಾಕಿದರೆ ಪ್ಯಾಕೆಟ್ ಉದುರುತ್ತದೆ. ನಾನು ಬಾಗಿಲಿಗೆ ಅಡ್ಡ ನಿಂತು ಕಾಲರ್ ಎತ್ತಿದೆ.

"ಸೌಂಡ್ ಮಾಡವ್ರು ಊರ ತುಂಬ ಇರ್ತಾರ. ಸೌಂಡ್ ಹಿಡಿಯಾಂವ ಒಬ್ಬನ ಇರ್ತಾನ!"

ಇದು ಬರೀ ಡೈಲಾಗಲ್ಲ. ಕಾರಿನೊಳಗಿನ ಕೀರಲು ಸದ್ದು ಎಲ್ಲಿಂದ ಬರುತ್ತದೆಂದು ಹುಡುಕುವುದೇ ನನ್ನ ಕೆಲಸ. ಜರ್ಮನಿ ನನಗೆ ಇಲ್ಲಿ ದುಡಿಯಲು ಬ್ಲೂ ಕಾರ್ಡ್ ಪರವಾನಗಿ ಕೊಟ್ಟದ್ದು ಅದಕ್ಕೇ.

ಜೇಸನ್ ಆಗಲೇ ಒಳಗಿನ ಕಾಯಿಸುವ ಕಾಯಿಲ್ ಬದಲಿಸಿದ್ದ, ಬ್ಯಾಟರಿ ಬದಲಿಸಿದ್ದ. ನಾನು ಬರೀ ಬಟನ್ ಒತ್ತಿದೆ. ಸದ್ದಿಲ್ಲ. ಆಮೇಲೆ ಬ್ಯಾಟರಿಯನ್ನೇ ತೆಗೆದು ಕೈಗೆ ಕೊಟ್ಟೆ. "ಈಗ ಎಳಿ."

ಕುಂಯ್ಯ್!

"ಬ್ಯಾಟರಿ ಇಲ್ಲದೆಯೂ ಬರ್ತದಾ? ಭೂತ ಉಂಟಾ ಇದ್ರಲ್ಲಿ?"

"ಭೂತ ಅಲ್ಲಲೇ, ಗಾಳಿ. ಇದು ಕರೆಂಟಿನ ಕೇಸ್ ಅಲ್ಲ, ಪೀಪಿ ಕೇಸ್."

ಅಡಿಯ ಹತ್ತಿರ ಗಾಳಿ ಒಳಹೋಗಲು ಎರಡು ಸಣ್ಣ ತೂತುಗಳಿದ್ದವು. ಒಂದನ್ನು ಬೆರಳಿನಿಂದ ಮುಚ್ಚಿ ಎಳೆಸಿದೆ, ಸದ್ದು ಹಾಗೇ ಇತ್ತು. ಇನ್ನೊಂದನ್ನು ಮುಚ್ಚಿದೆ. ನಿಶ್ಶಬ್ದ! ಮೊಬೈಲಿನ ಟಾರ್ಚ್ ಬಿಟ್ಟು ನೋಡಿದರೆ ಆ ತೂತಿನ ಅರ್ಧಕ್ಕೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಹಲ್ಲುಕಡ್ಡಿಯಿಂದ ಕೆರೆದು, ಬೆರಳಿಗೆ ಉಜ್ಜಿ, ಮೂಸಿದೆ.

ಮಾವಿನಹಣ್ಣು. ನನ್ನ ಹಣೆಯದೇ ವಾಸನೆ. ಜೇಸನ್ ವೇಪಿಗೆ ತುಂಬುವುದೂ ಮಾವಿನ ಲಿಕ್ವಿಡ್ಡೇ.

"ಜೇಸನ್, ಆಂಟಿ ವಿಡಿಯೊ ಕಾಲ್ ಮಾಡಿದಾಗ ಇದನ್ನ ಎಲ್ಲಿ ಬಚ್ಚಿಡ್ತಿ?"

ಸೆಲಿನ್ ಆಂಟಿಗೆ ಕಾಲ್‌ನಲ್ಲಿ ಮನೆಯ ತಪಾಸಣೆ ಆಗಲೇಬೇಕು: ದಿಂಬಿನ ಅಡಿ, ಡ್ರಾಯರ್, ಏಸುವಿನ ಪಟದ ಹಿಂಬದಿ.

"ನಿನ್ನ ದೇವರ ಶೆಲ್ಫಲ್ಲಿ ಡಬ್ಬ ಉಂಟಲ್ಲ... ಅದ್ರೊಳಗೆ. ಅದೊಂದನ್ನು ತೆರೆದು ತೋರಿಸು ಅಂತ ಮಮ್ಮಿ ಹೇಳುವುದಿಲ್ಲ. ಬೇರೆಯವರ ದೇವರದ್ದು ಅಂತ ಮರ್ಯಾದೆ."

"ವಿಭೂತಿ ಪುಡಿಯೊಳಗ?"

"ನೆಟ್ಟಗೆ ನಿಲ್ಲಿಸ್ತಿದ್ದೆ ಮಾರಾಯ, ಮಲಗಿಸ್ಲಿಲ್ಲ!"

"ಅದಕ್ಕ ಅಡಿ ತೂತಿನ್ಯಾಗ ವಿಭೂತಿ ಹೊಕ್ಕೈತಿ! ನಿಮ್ಮವ್ವಗ ಹೆದರಿ ನಮ್ಮ ಶಿವನ ಕಾಲಿಗೆ ಬಿದ್ದಿ. ಅಂವ ಸುಮ್ನ ಬಿಡ್ತಾನೇನು? ಊದಿ ತೋರಿಸ್ಯಾನ!"

ಬ್ರಷ್ಷಿನಿಂದ ತೂತು ಸ್ವಚ್ಛ ಮಾಡಿ, ಬ್ಯಾಟರಿ ಹಾಕಿ ಕೊಟ್ಟೆ. ಜೇಸನ್ ಬಾಲ್ಕನಿಗೆ ಹೋಗಿ ಕಣ್ಣು ಮುಚ್ಚಿಕೊಂಡು ಎಳೆದ. ಒಂದು ಚೂರೂ ಸದ್ದಿಲ್ಲ. ಬಾಲ್ಕನಿಯ ತುಂಬ ಮಾವಿನ ಮೋಡ. ಅವನು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ. ಕೆಳಗಿಳಿದ ಮೇಲೆ ನನಗೆ ನಾನೇ ಬಾಯಲ್ಲಿ ಹಿನ್ನೆಲೆ ಸಂಗೀತ ಹಾಕಿಕೊಂಡು ಹಾಲ್‌ನ ಉದ್ದಕ್ಕೂ ಸ್ಲೋ ಮೋಶನ್ನಿನಲ್ಲಿ ನಡೆದೆ. ಜೇಸನ್ ಜಾಕೆಟ್ ಕಳಚಿ, ಚಿಲ್ಲರೆಯನ್ನೆಲ್ಲ ಮೇಜಿನ ಮೇಲೆ ಸುರಿದ.

ಸಂಜೆ ಶ್ಯಾರನ್ ಬಂದಳು. ಶೂ ಬಿಚ್ಚುವ ಮೊದಲೇ ಪರೀಕ್ಷೆ. ಜೇಸನ್ನನ ಕಾಲರ್ ಮೂಸಿದಳು, ಕೂದಲು ಮೂಸಿದಳು, ಬೆರಳು ಒಂದೊಂದಾಗಿ ಮೂಸಿದಳು. ಆಮೇಲೆ ಆ ಬೆರಳುಗಳನ್ನು ಬಿಡದೆ ಹಾಗೇ ಹಿಡಿದುಕೊಂಡಳು.

"ಬರೀ ಮಾವಿನಹಣ್ಣು," ಅಂದಳು. ಕಣ್ಣು ಒದ್ದೆಯಾಗಿತ್ತು. "ಡ್ಯಾಡಿಗೆ ಇವತ್ತೇ ಹೇಳ್ತೇನೆ."

ನನ್ನ ಪಾಲಿನ ಚಪ್ಪಾಳೆ ಸಿಗಲಿ ಎಂದು ನಾನು ಬಗ್ಗಿ ಅವಳ ಬ್ಯಾಗು ಎತ್ತಿಕೊಳ್ಳಲು ಹೋದೆ. ನನ್ನ ಹಣೆ ಅವಳ ಮೂಗಿನ ಕೆಳಗೆ ಬಂತು.

"ಸುನಿಲ್! ನೀನೂ ಶುರು ಮಾಡಿದ್ದಾ? ಎಂತ, ಹಣೆಯಿಂದ ಎಳೆಯುವುದಾ?"

ಜೇಸನ್ ನಕ್ಕು ನಕ್ಕು ಗೋಡೆ ಹಿಡಿದುಕೊಂಡ. ನಾನು ಕಾಲರ್ ಎತ್ತಿದೆ.

"ಹೀರೋ ಎಳಿಯಂಗಿಲ್ಲ ಶ್ಯಾರನ್. ಅಂವ ಎಂಟ್ರಿ ಕೊಟ್ಟಾಗ ಹೊಗಿ ತಾನ ಬರ್ತೈತಿ!"