ನರಸಪ್ಪನ ಎಂಜಿನ್

ತಿಪ್ಪೇಸ್ವಾಮಿ ಮೂರನೇ ಸಲ ಸ್ವಿಚ್ಚು ಒತ್ತಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ದೋಣಿಯ ಹಲಗೆಯ ಮೇಲೆ ನರಸಪ್ಪನ ಹೆಣ ಹೂವಿನಡಿ ಮಲಗಿತ್ತು. ಭೈರವಾನಿತಿಪ್ಪ ಡ್ಯಾಮಿನ ಆಚೆ ದಡದಲ್ಲಿ ಅವನ ಹೊಲ. ಅಪ್ಪ, ಅಜ್ಜನನ್ನು ಮಣ್ಣು ಮಾಡಿದ್ದೂ ಅಲ್ಲೇ. ಬಿಸಿಲು ಏರುತ್ತಿತ್ತು.

"ನೀವ ಮಾಡಿದ ಎಂಜಿನ್ ನಿಮ್ಮ ಮಾತು ಕೇಳದಿದ್ರ ಇನ್ನ ಯಾರ ಮಾತು ಕೇಳಬೇಕ್ರಿ?" ಊರ ಹಿರಿಯ ಚನ್ನಬಸವಯ್ಯ ಅಂದರು. ಸಾವಿನ ದಿನವೆಂದು ನಾಲ್ಕಾರು ಮಂದಿ ನಗು ತಡೆದುಕೊಂಡರು.

ರಾಯದುರ್ಗದಲ್ಲಿ ಗುಜರಿ ಅಂಗಡಿ ಇಟ್ಟವನು ತಿಪ್ಪೇಸ್ವಾಮಿ. ಎಂಜಿನ್ ತೂಕಕ್ಕೆ ಹಾಕುವುದು ಗೊತ್ತು, ಅದರ ಹೊಟ್ಟೆಯೊಳಗಿನದು ಗೊತ್ತಿಲ್ಲ.

* * *

ಆರು ವರ್ಷದ ಹಿಂದೆ, ಅಂಗಡಿಯಲ್ಲಿ ಬಿದ್ದಿದ್ದ ಹಳೇ ಲಾರಿ ಎಂಜಿನ್ನನ್ನು ನರಸಪ್ಪ ಕೇಳಿ ಒಯ್ದಿದ್ದ. ರೇಡಿಯೇಟರ್ ಕಿತ್ತುಹಾಕಿ, ಡ್ಯಾಮಿನ ನೀರನ್ನೇ ಪೈಪಿನಲ್ಲಿ ಹಾಯಿಸಿ ಎಂಜಿನ್ ತಣ್ಣಗಿರುವಂತೆ ಮಾಡಿದ. ಚಕ್ರ ತಿರುಗಿಸುತ್ತಿದ್ದ ಸರಳಿಗೆ ನೀರು ತಳ್ಳುವ ರೆಕ್ಕೆ ಕೂಡಿಸಿದ. ಎರಡು ಬೇಸಿಗೆ ಹಿಡಿಯಿತು.

ದೋಣಿ ಓಡಿದ ಮೇಲೆ ಪೇಪರಿನವರು ಬಂದರು. ದಡಕ್ಕೆ ಎಳೆದಿದ್ದ ದೋಣಿಯ ಅಡಿಯಲ್ಲಿ ನರಸಪ್ಪ ನಟ್ಟು ಬಿಗಿಯುತ್ತಿದ್ದ. ಇದನ್ನು ಮಾಡಿದವರು ಯಾರೆಂದು ಕೇಳಿದರು. ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ ತಿಪ್ಪೇಸ್ವಾಮಿ, "ನಾನ ರೀ" ಅಂದುಬಿಟ್ಟ.

ಕೆಳಗೆ ಸ್ಪ್ಯಾನರಿನ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ನರಸಪ್ಪ ಆ ಮಾತನ್ನು ಎಂದೂ ಎತ್ತಲಿಲ್ಲ. ಕಂಡಾಗಲೆಲ್ಲ ಚಹಾ ಕುಡಿಸಿದ. ಬೈದಿದ್ದರೆ ತಿಪ್ಪೇಸ್ವಾಮಿಗೆ ಹಗುರಾಗುತ್ತಿತ್ತು.

* * *

ದೋಣಿಯಲ್ಲಿ ನರಸಪ್ಪನ ತಲೆಯ ಬಳಿ ಕೂತಿದ್ದ ಅವನ ಹೆಂಡತಿ ದುರುಗಕ್ಕ ತಿಪ್ಪೇಸ್ವಾಮಿಯ ಕಡೆ ಬಾಗಿದಳು.

"ಡೀಸೆಲ್ ಪೈಪಿನ್ಯಾಗ ಗಾಳಿ ಹೊಕ್ಕೈತಿ ತಮ್ಮಾ," ಯಾರಿಗೂ ಕೇಳದ ಹಾಗೆ ಅಂದಳು. "ಫಿಲ್ಟರ್ ಮ್ಯಾಲಿನ ನಟ್ಟು ಸಡ್ಲ ಮಾಡಿ, ಪಕ್ಕದ ಪಂಪು ಒತ್ತು. ನೊರಿ ನಿಂತ ಮ್ಯಾಲ ಬಿಗಿ ಮಾಡು. ಅವರು ಹಂಗ ಮಾಡ್ತಿದ್ರು."

ಅವಳಿಗೆ ಎಲ್ಲ ಗೊತ್ತಿತ್ತು. ಹೆಣದ ಮುಂದೆ ಕೂತೂ ತಿಪ್ಪೇಸ್ವಾಮಿಯ ಮಾನ ಕಾಯುತ್ತಿದ್ದಳು.

ಹೇಳಿದಂತೆ ಮಾಡಿ ಅವನು ಸ್ವಿಚ್ಚು ಒತ್ತಿದ. ಎಂಜಿನ್ ಗುಡುಗಿ ಚಾಲೂ ಆಯಿತು. ಮಾಡಿದವರ ಕೈಯೇ ಬೇರೆ ಎಂದು ಚನ್ನಬಸವಯ್ಯ ಪಕ್ಕದವರಿಗೆ ಕೂಗಿ ಹೇಳಿದರು. ದೋಣಿ ದಡ ಬಿಟ್ಟಿತು.

"ಇದು ನಾ ಮಾಡಿದ್ದಲ್ರಿ," ಅಂದ ತಿಪ್ಪೇಸ್ವಾಮಿ. ಎಂಜಿನ್ ಸದ್ದು ಅದನ್ನು ನುಂಗಿತು. ಚನ್ನಬಸವಯ್ಯ ಕಿವಿಗೆ ಕೈ ಹಚ್ಚಿ, ಕೇಳಿಸಲಿಲ್ಲವೆಂದು ತಲೆಯಾಡಿಸಿದರು. ಅಷ್ಟಕ್ಕೇ ಬಿಡಬಹುದಿತ್ತು, ಹೇಳಿದೆನೆಂಬ ಸಮಾಧಾನವಂತೂ ಉಳಿಯುತ್ತಿತ್ತು.

ನೀರಿನ ನಡುಮಧ್ಯೆ ಬಂದಾಗ ಅವನು ಎಂಜಿನ್ ನಿಲ್ಲಿಸುವ ತಂತಿ ಎಳೆದ.

ದೋಣಿ ತನ್ನ ಪಾಡಿಗೆ ಸ್ವಲ್ಪ ದೂರ ಜಾರಿ ನಿಂತಿತು. ಹೆಣದ ಸುತ್ತ ಕೂತವರು ಒಬ್ಬೊಬ್ಬರಾಗಿ ಅವನ ಕಡೆ ತಿರುಗಿದರು. ದುರುಗಕ್ಕ ಮಾತ್ರ ತಿರುಗಲಿಲ್ಲ. ಗಂಡನ ಕಿವಿಯ ಮೇಲೆ ಬಿದ್ದಿದ್ದ ಹೂವನ್ನು ಮೆಲ್ಲಗೆ ಸರಿಸಿದಳು.